ಸೊನ್ನೆ ಬಿಲ್ಲಿನ ಮನೆಗೆ ಸೌರ ಸಬ್ಸಿಡಿ ಮುಟ್ಟುವುದು ಹೇಗೆ?

ಮಾನ್ಯ ಸಂಪಾದಕರೇ,

ತಿಂಗಳಿಗೆ 60 ಯೂನಿಟ್ ಉರಿಸುವ ಒಂದು ಮನೆಯನ್ನು ಲೆಕ್ಕಕ್ಕೆ ಹಿಡಿಯೋಣ. ನಾಲ್ಕು ಎಲ್‌ಇಡಿ ಬಲ್ಬು, ಎರಡು ಫ್ಯಾನು, ಒಂದು ಟಿವಿ, ಬೆಳಿಗ್ಗೆ ಒಂದಿಷ್ಟು ಹೊತ್ತು ಮಿಕ್ಸಿ, ಫೋನಿನ ಚಾರ್ಜು. 2023ರ ಜುಲೈ ಬಳಕೆಯಿಂದ ಗೃಹಜ್ಯೋತಿ ಜಾರಿಗೆ ಬಂದ ಮೇಲೆ ಈ ಮನೆಯ ಕರೆಂಟ್ ಬಿಲ್ ಸೊನ್ನೆ. ಅವರ ಹತ್ತಿರ ಹೋಗಿ ‘ಕೇಂದ್ರ ಸರ್ಕಾರ 30 ಸಾವಿರ ಕೊಡುತ್ತದೆ, ನೀವು 40 ಸಾವಿರ ಹಾಕಿ ತಾರಸಿ ಮೇಲೆ 1 ಕಿಲೋವ್ಯಾಟ್ ಸೋಲಾರ್ ಕೂರಿಸಿಕೊಳ್ಳಿ’ ಎಂದರೆ, ಹಾಕಿದರೆ ನಮಗೇನು ಉಳಿಯುತ್ತದೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಇವತ್ತಿನ ವ್ಯವಸ್ಥೆಯಲ್ಲಿ ಉತ್ತರವಿಲ್ಲ. ಸೊನ್ನೆಯಲ್ಲಿ ಉಳಿತಾಯ ಮಾಡಲು ಬರುವುದಿಲ್ಲ.

ಬಡವರಿಗೆ ಸೋಲಾರ್ ಬಗ್ಗೆ ತಿಳಿವಳಿಕೆ ಇಲ್ಲ, ಪ್ರಚಾರ ಸಾಲದು ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಸರಿಯಲ್ಲ. ಕೂಲಿ ದುಡಿದು ಮನೆ ನಡೆಸುವವರಷ್ಟು ಚೊಕ್ಕವಾಗಿ ಲೆಕ್ಕ ಹಾಕುವವರು ಯಾರೂ ಇಲ್ಲ. ಅವರು ಲೆಕ್ಕ ಹಾಕಿಯೇ ಬೇಡ ಎನ್ನುತ್ತಿದ್ದಾರೆ. ತಪ್ಪಿರುವುದು ಪ್ರೋತ್ಸಾಹಧನವನ್ನು ಜೋಡಿಸಿರುವ ರೀತಿಯಲ್ಲಿ.

ಈ 30 ಸಾವಿರ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಗೆ 2024ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿತು. ಒಟ್ಟು ಮೊತ್ತ 75,021 ಕೋಟಿ ರೂಪಾಯಿ, ಗುರಿ 1 ಕೋಟಿ ಮನೆ, ಅವಧಿ 2026–27ರ ಹಣಕಾಸು ವರ್ಷದವರೆಗೆ. 1 ಕಿಲೋವ್ಯಾಟ್‌ಗೆ 30 ಸಾವಿರ, 2 ಕಿಲೋವ್ಯಾಟ್‌ಗೆ 60 ಸಾವಿರ, 3 ಅಥವಾ ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ ಸಬ್ಸಿಡಿ. ಮೊದಲ 2 ಕಿಲೋವ್ಯಾಟ್‌ಗೆ ವೆಚ್ಚದ ಶೇ 60, ಮೂರನೆಯದಕ್ಕೆ ಶೇ 40 ಎಂಬುದು ಇದರ ಹಿಂದಿನ ಸೂತ್ರ. ಆದರೆ ಆ ಶೇ 60 ಲೆಕ್ಕ ಹಾಕಿರುವುದು ಕಿಲೋವ್ಯಾಟ್‌ಗೆ 50 ಸಾವಿರ ಎಂಬ ಮಾನದಂಡದ ದರದ ಮೇಲೆ. ಬಿಡಿಯಾಗಿ ಒಂದು ಮನೆಗೆ 1 ಕಿಲೋವ್ಯಾಟ್ ಹಾಕಿಸಲು ಹೋದರೆ 65ರಿಂದ 80 ಸಾವಿರ ಆಗುತ್ತದೆ. ಪ್ಯಾನೆಲ್ ಎರಡೇ ಇರಬಹುದು, ಆದರೆ ಇನ್ವರ್ಟರ್, ಡಿಸಿ ಮತ್ತು ಎಸಿ ಬಾಕ್ಸು, ಸಿಡಿಲು ನಿರೋಧಕ, ಅರ್ಥಿಂಗ್ ಗುಂಡಿಗಳು, ನೆಟ್ ಮೀಟರ್ (ಒಳಬಂದ, ಹೊರಹೋದ ಯೂನಿಟ್ ಎರಡನ್ನೂ ಎಣಿಸುವ ಮೀಟರ್), ಸಾಗಾಣಿಕೆ, ಎರಡು ದಿನದ ಕೂಲಿ ಇವು ಯಾವುವೂ 3 ಕಿಲೋವ್ಯಾಟ್ ಘಟಕದ ಖರ್ಚಿನ ಮೂರರಲ್ಲಿ ಒಂದು ಪಾಲಿಗೆ ಇಳಿಯುವುದಿಲ್ಲ. ಸಬ್ಸಿಡಿ ಬೇಕೆಂದರೆ ಸೆಲ್ ಮತ್ತು ಮಾಡ್ಯೂಲ್ ಎರಡೂ ದೇಶದಲ್ಲೇ ತಯಾರಾದ ಡಿಸಿಆರ್ ಪ್ಯಾನೆಲ್ಲೇ ಆಗಬೇಕು, ಅದರ ಬೆಲೆಯೂ ಹೆಚ್ಚು. ಹಾಗಾಗಿ ಕಾಗದದ ಮೇಲಿನ ಶೇ 60 ನೆಲಕ್ಕೆ ಬರುವಾಗ ಶೇ 38–46 ಆಗಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದರಿಂದ ಸ್ವಲ್ಪ ಹಗುರವಾಗಿದೆ, ಅಷ್ಟೆ.

ಇನ್ನೊಂದು ತೊಡಕು ಹಣ ಬರುವ ಹೊತ್ತಿನದು. ಅರ್ಜಿ, ಎಸ್ಕಾಂ (ವಿದ್ಯುತ್ ವಿತರಣಾ ಕಂಪನಿ) ಒಪ್ಪಿಗೆ, ಗುತ್ತಿಗೆದಾರರ ಆಯ್ಕೆ, ಅಳವಡಿಕೆ, ಮೀಟರ್ ಬದಲಾವಣೆ, ಪರಿಶೀಲನೆ, ಚಾಲನಾ ಪ್ರಮಾಣಪತ್ರ ಇವೆಲ್ಲ ಮುಗಿದು ಬ್ಯಾಂಕ್ ವಿವರ ಹಾಕಿದ ಮೇಲೆ ಸಬ್ಸಿಡಿ ಖಾತೆಗೆ ಬೀಳುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣವನ್ನು ಮನೆಯವರೇ ಹೊಂದಿಸಬೇಕು. ಕೈಸಾಲ ತಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂತಿಟ್ಟುಕೊಳ್ಳಿ. ಬರಬೇಕಾದ 30 ಸಾವಿರಕ್ಕೇ ತಿಂಗಳಿಗೆ 900 ರೂಪಾಯಿ ಬಡ್ಡಿ. ಎಲ್ಲೋ ಒಂದು ಹೆಸರು ತಾಳೆಯಾಗದೆ ಕಡತ ನಾಲ್ಕು ತಿಂಗಳು ನಿಂತರೆ 3,600 ರೂಪಾಯಿ ಹೋಯಿತು. ತಿಂಗಳ ಸಂಬಳದವರಿಗೆ ಈ ನಾಲ್ಕು ತಿಂಗಳು ಬರೀ ಕಾಯುವಿಕೆ. ದಿನಗೂಲಿಯವರಿಗೆ ಅದು ಸಾಲದ ಸುಳಿ.

ಬ್ಯಾಂಕ್ ಸಾಲ ಇದೆಯಲ್ಲ ಎನ್ನಬಹುದು. ಇದೆ, ಮತ್ತು ಒಳ್ಳೆಯದೇ ಇದೆ. 3 ಕಿಲೋವ್ಯಾಟ್‌ವರೆಗೆ ಅಡಮಾನ ಬೇಡ, ಬಡ್ಡಿ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಅರ್ಧ ಪರ್ಸೆಂಟ್ ಮಾತ್ರ ಸೇರಿಸಿದ್ದು, ಜನಸಮರ್ಥ್ ಪೋರ್ಟಲ್ ಮೂಲಕ ಅರ್ಜಿ. ಸಬ್ಸಿಡಿ ಕಳೆದು ಉಳಿಯುವ 40 ಸಾವಿರವನ್ನು ಹತ್ತು ವರ್ಷಕ್ಕೆ ಹರಡಿದರೆ ಕಂತು ತಿಂಗಳಿಗೆ 450 ರೂಪಾಯಿಯ ಆಸುಪಾಸು ಬರುತ್ತದೆ. 250 ಯೂನಿಟ್ ಬಳಸಿ ಪೂರ್ತಿ ಬಿಲ್ ಕಟ್ಟುವ ಮನೆಗೆ ಇದು ಕಣ್ಣು ಮುಚ್ಚಿ ಒಪ್ಪಬಹುದಾದ ವ್ಯವಹಾರ. ಬಿಲ್ಲೇ ಇಲ್ಲದ ಮನೆಗೆ ಇದು ಹೊಸದೊಂದು ಕಂತು. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹಾಗಾಗಿ ಸೋಲಾರ್‌ನ ಲಾಭ ಕಣ್ಣಿಗೆ ಕಾಣುವುದು ಆ ಗೆರೆಯಾಚೆ ಇರುವವರಿಗೆ, ಅಂದರೆ ಗೀಸರ್, ಎಸಿ ಇರುವ ಮನೆಗಳಿಗೆ.

ಹಾಗೆಂದು ಗೃಹಜ್ಯೋತಿ ತೆಗೆಯಿರಿ ಎಂದು ನಾವು ಹೇಳುತ್ತಿಲ್ಲ. ಅದೇ ಹಣವನ್ನು ಮುಂಗಡವಾಗಿ ಬಳಸಿ ಎನ್ನುತ್ತಿದ್ದೇವೆ. ಆ 60 ಯೂನಿಟ್ ಮನೆಯ ಪರವಾಗಿ ರಾಜ್ಯ ಸರ್ಕಾರ ಎಸ್ಕಾಂಗೆ ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ಕಟ್ಟುತ್ತದೆ. ನಿಗದಿತ ಶುಲ್ಕ ಬಿಟ್ಟೂ ವರ್ಷಕ್ಕೆ 4,320 ರೂಪಾಯಿ. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್, ವರ್ಷಕ್ಕೆ 1,400 ಯೂನಿಟ್ ಕೊಡುತ್ತದೆ. ಮನೆಯ ಬಳಕೆ 720 ಯೂನಿಟ್ ಕಳೆದರೂ 680 ಯೂನಿಟ್ ಮಿಕ್ಕುತ್ತದೆ. ಸಾವಿರಾರು ಮನೆಗಳಿಗೆ ಒಟ್ಟಿಗೆ ಟೆಂಡರ್ ಕರೆದು ದರವನ್ನು 55 ಸಾವಿರಕ್ಕೆ ಇಳಿಸಲು ಸಾಧ್ಯವಾದರೆ, ಕೇಂದ್ರದ 30 ಸಾವಿರ ಕಳೆದು ರಾಜ್ಯ ಹಾಕಬೇಕಾದ್ದು 25 ಸಾವಿರ. ಆ ಹಣ ಆರು ವರ್ಷದೊಳಗೆ ಹುಟ್ಟುತ್ತದೆ. ಪ್ಯಾನೆಲ್ ಬಾಳುವುದು 25 ವರ್ಷ. ದರ ಇಳಿಯದೆ 70 ಸಾವಿರವೇ ಆದರೂ ಒಂಬತ್ತು ವರ್ಷ ಮೂರು ತಿಂಗಳು ಸಾಕು.

ಎಸ್ಕಾಂಗಳಿಗೆ ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಇದೆ. ಈ ಮನೆಗಳು ಕರೆಂಟ್ ಬಳಸುವುದು ಸಂಜೆ ಮೇಲೆ, ಪ್ಯಾನೆಲ್ ಕೊಡುವುದು ಹಗಲು. ಹಗಲಿನ ಅಗ್ಗದ ಯೂನಿಟ್ ಪಡೆದು ರಾತ್ರಿಯ ದುಬಾರಿ ಯೂನಿಟ್ ಕೊಡಬೇಕಾಗುತ್ತದೆ. ಇದನ್ನು ಅಲ್ಲಗಳೆಯಲು ಆಗದು. ಆದರೆ ಹಳ್ಳಿಯ ತಾರಸಿಯಿಂದ ಹೊರಟ ಯೂನಿಟ್ ಅದೇ ಟ್ರಾನ್ಸ್‌ಫಾರ್ಮರ್ ಕೆಳಗಿನ ಹಿಟ್ಟಿನ ಗಿರಣಿಗೋ ನೀರಿನ ಪಂಪಿಗೋ ಹೋಗುತ್ತದೆ. ನೂರಾರು ಕಿಲೋಮೀಟರ್ ತಂತಿಯಲ್ಲಿ ಸೋರಿಹೋಗುವ ನಷ್ಟ ಅಷ್ಟರಮಟ್ಟಿಗೆ ತಪ್ಪುತ್ತದೆ. ಈ ಎರಡನ್ನೂ ತೂಗಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ದರ ನಿಗದಿ ಮಾಡಲಿ.

ಬೇರೆ ರಾಜ್ಯಗಳು ಈ ದಾರಿಗೆ ಆಗಲೇ ಕಾಲಿಟ್ಟಿವೆ. ತಿಂಗಳಿಗೆ 100 ಯೂನಿಟ್ ಒಳಗೆ ಬಳಸುವ ಮನೆಗಳಿಗೆಂದೇ ಮಹಾರಾಷ್ಟ್ರ 2025ರಲ್ಲಿ ‘ಸ್ಮಾರ್ಟ್’ ಎಂಬ ಯೋಜನೆ ತಂದಿತು. 1 ಕಿಲೋವ್ಯಾಟ್‌ಗೆ ಕೇಂದ್ರದ 30 ಸಾವಿರದ ಜೊತೆ ಬಡತನ ರೇಖೆಗಿಂತ ಕೆಳಗಿನವರಿಗೆ ರಾಜ್ಯದಿಂದ 17,500 ರೂಪಾಯಿ. 50 ಸಾವಿರದ ಘಟಕಕ್ಕೆ ಮನೆಯವರು ಹಾಕುವುದು 2,500 ರೂಪಾಯಿ ಮಾತ್ರ. ಪರಿಶಿಷ್ಟ ಜಾತಿ, ಪಂಗಡದವರಿಗೆ 15 ಸಾವಿರ, ಉಳಿದವರಿಗೆ 10 ಸಾವಿರ. ರಾಜಸ್ಥಾನದ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿಯೂ ಉಚಿತ ವಿದ್ಯುತ್ ಇತ್ತು. ತಿಂಗಳಿಗೆ 100 ಯೂನಿಟ್ ಉಚಿತ ಪಡೆಯುತ್ತಿದ್ದವರಿಗೆ 1.1 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿ 150 ಯೂನಿಟ್ ಉಚಿತ ಮಾಡುವುದು, ಕೇಂದ್ರದ 33 ಸಾವಿರದ ಮೇಲೆ ರಾಜ್ಯ 17 ಸಾವಿರ ಸೇರಿಸುವುದು ಆ ಸರ್ಕಾರದ ಲೆಕ್ಕ. ಒಡಿಶಾ 1 ಕಿಲೋವ್ಯಾಟ್‌ಗೆ 25 ಸಾವಿರ, ಉತ್ತರ ಪ್ರದೇಶ 15 ಸಾವಿರ ಸೇರಿಸುತ್ತವೆ.

ರಾಜ್ಯದ ಪಾಲು ಸೇರಿಸಿದರೂ ‘ಮೊದಲು ನೀವು ಹಾಕಿ, ಆಮೇಲೆ ನಾವು ಕೊಡುತ್ತೇವೆ’ ಎನ್ನುವ ಪದ್ಧತಿ ಉಳಿದರೆ ಏನೂ ಬದಲಾಗದು. ಅದಕ್ಕೂ ನಿಯಮದಲ್ಲೇ ದಾರಿ ಇದೆ. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿಯಲ್ಲಿ ‘ಯುಟಿಲಿಟಿ ಲೆಡ್ ಅಗ್ರಿಗೇಷನ್’ ಎಂಬ ಮಾದರಿ ಇದೆ. ಎಸ್ಕಾಂ ಅಥವಾ ರಾಜ್ಯ ನೇಮಿಸಿದ ಸಂಸ್ಥೆ ಮನೆಗಳ ಪರವಾಗಿ ತಾನೇ ಸೋಲಾರ್ ಕೂರಿಸುತ್ತದೆ. ಮನೆಯವರು ಮೊದಲೇ ಹಣ ಹೊಂದಿಸುವ ತಾಪತ್ರಯವಿಲ್ಲ. ಖಾಸಗಿ ಕಂಪನಿ ಹೂಡಿಕೆ ಮಾಡಿ ಬಳಸಿದ ಯೂನಿಟ್‌ಗೆ ಮಾತ್ರ ದುಡ್ಡು ಪಡೆಯುವ ‘ರೆಸ್ಕೊ’ ಮಾದರಿಯೂ ಅದರಲ್ಲಿದೆ, ಅದರ ಪಾವತಿ ಭದ್ರತೆಗೆ 100 ಕೋಟಿ ರೂಪಾಯಿ ನಿಧಿಯೂ ಇದೆ. ಬಿಲ್ಲೇ ಕಟ್ಟದ ಮನೆಗಳಿಂದ ರೆಸ್ಕೊ ಕಂಪನಿಗೆ ಹುಟ್ಟುವಳಿ ಇಲ್ಲವಾದ್ದರಿಂದ ನಮ್ಮ ಮಟ್ಟಿಗೆ ಮೊದಲನೆಯದೇ ಸರಿ.

ಸಾಲದ ವಿಷಯದಲ್ಲಂತೂ ಕರ್ನಾಟಕ ಬೇರೆಯವರಿಗೆ ಪಾಠ ಹೇಳಿಕೊಟ್ಟ ನಾಡು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕ್, ತಮ್ಮ ಗ್ರಾಮೀಣ ಬ್ಯಾಂಕುಗಳನ್ನೂ ಜೊತೆಗೆ ಸೇರಿಸಿಕೊಂಡು, ಶೇ 12ರ ಆಸುಪಾಸಿನ ಬಡ್ಡಿಯನ್ನು ಶೇ 5ಕ್ಕೆ ಇಳಿಸಿ ಮನೆಯ ಸೌರ ದೀಪಗಳಿಗೆ ಸಾಲ ಕೊಟ್ಟವು. ಕೆಲವೇ ವರ್ಷಗಳಲ್ಲಿ 18 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಅದು ತಲುಪಿತು. ಆಗ ಆ ಮನೆಗಳು ಸೀಮೆಎಣ್ಣೆಗೆ ಪ್ರತಿ ತಿಂಗಳು ದುಡ್ಡು ಸುರಿಯುತ್ತಿದ್ದವು, ಕಂತು ಆ ದುಡ್ಡಿನ ಜಾಗಕ್ಕೆ ಬಂದು ಕೂತಿತು. ಈಗ ಅಂಥ ದುಡ್ಡು ಹೊರಹೋಗುತ್ತಿರುವುದು ಮನೆಯ ಜೇಬಿನಿಂದಲ್ಲ, ರಾಜ್ಯದ ಖಜಾನೆಯಿಂದ. ಕಂತು ಕಟ್ಟಬೇಕಾದದ್ದೂ ರಾಜ್ಯ ಸರ್ಕಾರವೇ.

ಹಣದ ಮಾತು ಇಷ್ಟಾದರೆ, ತಾರಸಿಯ ಮೇಲಿನ ತೊಡಕುಗಳು ಬೇರೆ.

ಭಾಗ್ಯಜ್ಯೋತಿ, ಕುಟೀರಜ್ಯೋತಿಯ ಹಳೆಯ ಸಂಪರ್ಕಗಳನ್ನು ನೋಡಿ. ಜಗುಲಿಯ ಗೋಡೆಗೆ ಮರದ ಹಲಗೆ ಬಡಿದು ಕೂರಿಸಿದ ಮೀಟರು, ಪಕ್ಕದಲ್ಲಿ ಪಿಂಗಾಣಿ ಫ್ಯೂಸು, ಅಲ್ಲಿಂದ ಹೊರಟ ಸಣ್ಣ ವೈರು. ಅರ್ಥಿಂಗ್ ಇಲ್ಲವೇ ಇಲ್ಲ. ಒಂದೆರಡು ಬಲ್ಬಿಗೆಂದು ಕೊಟ್ಟ ಈ ಜೋಡಣೆಗೆ 1 ಕಿಲೋವ್ಯಾಟ್ ಸೋಲಾರ್ ಕಟ್ಟುವುದು ಅಪಾಯ. ಮೊದಲು ಸರ್ವಿಸ್ ವೈರ್ ಬದಲಿಸಬೇಕು, ಎಂಸಿಬಿ ಮತ್ತು ಆರ್‌ಸಿಸಿಬಿ (ಲೋಡ್ ಹೆಚ್ಚಾದರೆ, ಕರೆಂಟ್ ಸೋರಿದರೆ ತಾವೇ ಕಡಿಯುವ ಸ್ವಿಚ್ಚುಗಳು) ಹಾಕಬೇಕು, ಡಿಸಿ, ಎಸಿ, ಸಿಡಿಲು ನಿರೋಧಕ ಮೂರಕ್ಕೂ ಬೇರೆ ಬೇರೆ ಅರ್ಥಿಂಗ್ ತೋಡಬೇಕು. ಮನೆಯ ಒಳಗಿನ ವೈರಿಂಗ್ ಖರ್ಚು ಯಾವ ಸಬ್ಸಿಡಿ ಲೆಕ್ಕದಲ್ಲೂ ಇಲ್ಲ. ರಾಜ್ಯ ಕೊಡುವ ಪಾಲಿನಲ್ಲಿ ಇದಕ್ಕೊಂದು ಸಾಲು ಇರಲೇಬೇಕು. ಮಂಜೂರಾದ ಲೋಡ್ ಹೆಚ್ಚಿಸುವ ಹೊಣೆಯಂತೂ 2024ರ ಗ್ರಾಹಕ ಹಕ್ಕು ತಿದ್ದುಪಡಿ ನಿಯಮದ ಪ್ರಕಾರ ಎಸ್ಕಾಂನದೇ. 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಸಾಧ್ಯತೆಯ ಪರೀಕ್ಷೆ ಇಲ್ಲದೆ ಅರ್ಜಿ ಒಪ್ಪಿಕೊಂಡಂತೆಯೇ ಲೆಕ್ಕ, 5 ಕಿಲೋವ್ಯಾಟ್‌ವರೆಗೆ ಲೈನ್ ಬಲಪಡಿಸುವ ಖರ್ಚೂ ಎಸ್ಕಾಂಗೆ ಸೇರಿದ್ದು. ‘ಟ್ರಾನ್ಸ್‌ಫಾರ್ಮರ್ ಫುಲ್ ಆಗಿದೆ, ದುಡ್ಡು ಕಟ್ಟಿ’ ಎಂದು ಯಾರಾದರೂ ಹೇಳಿದರೆ ಈ ನಿಯಮವನ್ನು ಬರವಣಿಗೆಯಲ್ಲಿ ಅವರ ಮುಂದಿಡಿ.

ಚಿಕ್ಕ ಘಟಕದಲ್ಲಿ ಇನ್ವರ್ಟರ್ ಆಯ್ಕೆಯೇ ಬಹಳ ಕಡೆ ಕೆಡುವ ಜಾಗ. ಇವತ್ತು ಸಿಗುವ 550 ವ್ಯಾಟ್‌ನ ಎರಡು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಸುಮಾರು 82 ವೋಲ್ಟ್ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್‌ನ ಒಳಗಿನ ಶಾಖ 60 ಡಿಗ್ರಿ ದಾಟಿದಾಗ ಅದು 73–74 ವೋಲ್ಟ್‌ಗೆ ಇಳಿಯುತ್ತದೆ. ಗೋದಾಮಿನಲ್ಲಿ ಉಳಿದಿರುವ 3 ಕಿಲೋವ್ಯಾಟ್ ಇನ್ವರ್ಟರನ್ನೇ ತಂದು ಹಾಕಿದರೆ, ಅದು ಕೆಲಸ ಮಾಡಲು ಕನಿಷ್ಠ 80–100 ವೋಲ್ಟ್ ಬೇಡುವಂಥದ್ದಾಗಿದ್ದರೆ, ಬಿಸಿಲು ಸುಡುತ್ತಿರುವ ಹೊತ್ತಿಗೇ ನಿಂತುಬಿಡುತ್ತದೆ. ಮನೆಯವರು ಪ್ಯಾನೆಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಇನ್ವರ್ಟರ್‌ನ ವಿವರ ಪತ್ರದಲ್ಲಿ ‘ಸ್ಟಾರ್ಟ್ ಅಪ್ ವೋಲ್ಟೇಜ್’ 60ಕ್ಕಿಂತ ಕಡಿಮೆ ಇದೆಯೇ ಎಂದು ನೋಡಿಯೇ ಒಪ್ಪಿಕೊಳ್ಳಬೇಕು. ಲೈನಿನ ತುದಿಯ ಮನೆಗಳಲ್ಲಿ ಇದಕ್ಕೆ ವಿರುದ್ಧವಾದ ಕಷ್ಟ. ಸಣ್ಣ ತಂತಿಯಲ್ಲಿ ಹಗಲು ಕರೆಂಟ್ ಹೊರಗೆ ಹೋಗುವಾಗ ಮನೆಯ ಕಡೆ ವೋಲ್ಟೇಜ್ ಏರಿ, ಮಿತಿ ಮೀರಿದ ಕೂಡಲೇ ಇನ್ವರ್ಟರ್ ಟ್ರಿಪ್ ಆಗುತ್ತದೆ. ಸರ್ವಿಸ್ ವೈರ್ ದಪ್ಪ ಇರಬೇಕು ಎನ್ನುವುದು ಇದಕ್ಕೇ.

ಜಾಗದ ಲೆಕ್ಕವೂ ಇರಲಿ. ಒಂದು ಪ್ಯಾನೆಲ್ ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ, 28 ಕೆಜಿ ತೂಕ. ಓಡಾಡುವ ಜಾಗ ಸೇರಿ 100 ಚದರಡಿ ನೆರಳಿಲ್ಲದ ತಾರಸಿ ಬೇಕು. ಆರ್‌ಸಿಸಿ ಆದರೆ ತೊಂದರೆಯಿಲ್ಲ. ಹೆಂಚಿನ ಮನೆಯಾದರೆ ಕೊಕ್ಕೆಗಳು ಹೆಂಚಿನ ಕೆಳಗಿನ ಪಕ್ಕಾಸಿಗೆ ಹಿಡಿಯಬೇಕು, ರೀಪಿಗೆ ಹೊಡೆದರೆ ಮೊದಲ ಗಾಳಿಮಳೆಗೆ ಕಿತ್ತುಬರುತ್ತದೆ. ಸಿಮೆಂಟ್ ಶೀಟಿಗೆ ತೂತು ಕೊರೆಯಲೇಬಾರದು, ಬಿರುಕು ಬಿಡುತ್ತದೆ, ಸೋರುತ್ತದೆ. ಅದಕ್ಕೆ ನೆಲದಿಂದಲೇ ಎಬ್ಬಿಸಿದ ಕಂಬದ ಚೌಕಟ್ಟು ಬೇಕು, ಖರ್ಚು ಏರುತ್ತದೆ. ಬಡವರ ಮನೆಗಳಲ್ಲಿ ಶೀಟೇ ಹೆಚ್ಚು ಎಂಬುದನ್ನು 50 ಸಾವಿರದ ಮಾನದಂಡ ಗಮನಿಸಿಯೇ ಇಲ್ಲ. ಕರಾವಳಿಯಲ್ಲಂತೂ ಬಣ್ಣ ಬಳಿದ ಕಬ್ಬಿಣ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. 80 ಮೈಕ್ರಾನ್ ಸತುವಿನ ಲೇಪ ಇರುವ ಚೌಕಟ್ಟನ್ನೇ ಕೇಳಿ.

ಇನ್ನು ಕಾಗದಪತ್ರ. ಆರ್‌ಆರ್ ನಂಬರ್ ತೀರಿಹೋದ ಅಪ್ಪನ ಹೆಸರಲ್ಲಿ, ಮನೆ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿ, ಬ್ಯಾಂಕ್ ಖಾತೆ ಹೆಂಡತಿಯ ಹೆಸರಲ್ಲಿ ಇರುವ ಸಂಸಾರಗಳು ಎಷ್ಟೋ. ಮೊದಲು ಮಾಡಬೇಕಾದ ಕೆಲಸ ಎಸ್ಕಾಂ ಕಚೇರಿಯಲ್ಲಿ ಸಂಪರ್ಕದ ಹೆಸರು ಬದಲಾವಣೆ. ಆಧಾರ್, ಪಾಸ್‌ಬುಕ್, ಕರೆಂಟ್ ಬಿಲ್ ಮೂರರಲ್ಲೂ ಹೆಸರಿನ ಕಾಗುಣಿತ, ಇನಿಷಿಯಲ್ ಒಂದೇ ಇರಬೇಕು. ಸಬ್ಸಿಡಿ ನಿಲ್ಲುವುದು ಬಹುತೇಕ ಇಲ್ಲಿಯೇ. ಈ ಕೆಲಸಕ್ಕೆ ಗ್ರಾಮ ಪಂಚಾಯಿತಿಗಳಿಂದ ಸಹಾಯ ಪಡೆಯಬಹುದು. ಯೋಜನೆಯಡಿ ಪ್ರತಿ ಅಳವಡಿಕೆಗೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನ ಇದೆ. ನೂರು ಮನೆಯಾದರೆ ಲಕ್ಷ ರೂಪಾಯಿ. ಓದು ಬರಹ ಬಲ್ಲ ಒಬ್ಬ ಹುಡುಗಿಯನ್ನು ಕೆಲವು ತಿಂಗಳು ಇದೇ ಕೆಲಸಕ್ಕೆ ಕೂರಿಸಲು ಆ ಹಣ ಸಾಕು.

‘ಪೂರ್ತಿ ಉಚಿತ, ಕರೆಂಟ್ ಹೋದರೂ ಉರಿಯುತ್ತದೆ’ ಎಂದು ಮನೆಬಾಗಿಲಿಗೆ ಬಂದು ಮುಂಗಡ ಕೇಳುವವರ ಬಗ್ಗೆ ಎಚ್ಚರ ಇರಲಿ. ಬ್ಯಾಟರಿ ಇಲ್ಲದ ಈ ಘಟಕ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ನ ಜೀವ ಉಳಿಸಲು ಅದು ನಿಲ್ಲಲೇಬೇಕು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿಸಿದ ಗುತ್ತಿಗೆದಾರರಿಂದ ಮಾಡಿಸಿದರೆ ಮಾತ್ರ ಸಬ್ಸಿಡಿ. ಐದು ವರ್ಷ ನಿರ್ವಹಣೆ ಮಾಡಿಕೊಡುವುದು ಅವರ ಕರ್ತವ್ಯ, ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಪ್ಯಾನೆಲ್‌ನ ಸೀರಿಯಲ್ ನಂಬರ್‌ಗಳನ್ನು ಕೂರಿಸುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ. ಮೇಲೇರಿದ ಮೇಲೆ ಅದರ ಬೆನ್ನು ಯಾರಿಗೂ ಕಾಣುವುದಿಲ್ಲ.

ಐದು ವರ್ಷದ ನಂತರ ಏನು ಎನ್ನುವುದಕ್ಕೆ ಯಾವ ಯೋಜನೆಯೂ ಬಾಯಿ ಬಿಡುವುದಿಲ್ಲ. ಪ್ಯಾನೆಲ್ 25 ವರ್ಷ ಬಾಳಿದರೂ ಇನ್ವರ್ಟರ್ ಎಂಟು ಹತ್ತು ವರ್ಷಕ್ಕೆ ಬದಲಿಸಬೇಕಾಗುತ್ತದೆ. 15 ಸಾವಿರ ಎಲ್ಲಿಂದ ತರುವುದು? ಬ್ಯಾಟರಿ ಸತ್ತ ಮೇಲೆ ಮೂಲೆ ಸೇರಿದ ಹಳೆಯ ಸೌರ ದೀಪಗಳ ಗತಿಯೇ ಇವಕ್ಕೂ ಆಗುತ್ತದೆ. ಮೇಲೆ ಹೇಳಿದ 680 ಯೂನಿಟ್ ಮಿಗತೆಗೆ ಎರಡೂವರೆ ರೂಪಾಯಿ ಎಂದೇ ಹಿಡಿದರೂ ವರ್ಷಕ್ಕೆ 1,700 ರೂಪಾಯಿ. ಅದನ್ನು ಆ ಆರ್‌ಆರ್ ನಂಬರ್ ಹೆಸರಿನಲ್ಲೇ ಎಸ್ಕಾಂ ಬೇರೆಯಾಗಿ ಕೂಡಿಡಲಿ. ಒಂಬತ್ತು ವರ್ಷಕ್ಕೆ 15,300 ಆಗುತ್ತದೆ, ಹೊಸ ಇನ್ವರ್ಟರ್ ಬರುತ್ತದೆ.

ಸ್ವಂತ ಮನೆಯೇ ಇಲ್ಲದವರ ವಿಷಯ ಉಳಿಯಿತು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ತಾರಸಿ ತಮ್ಮದಲ್ಲದ್ದರಿಂದ ಸೂರ್ಯಘರ್ ಸಿಗುವುದು ಕಷ್ಟ. ಅವರಿಗೆ ವರ್ಚುವಲ್ ನೆಟ್ ಮೀಟರಿಂಗ್ ಬೇಕು. ಶಾಲೆಯದೋ ಮಾರುಕಟ್ಟೆಯದೋ ಚಾವಣಿಯಲ್ಲಿ ಒಂದೇ ದೊಡ್ಡ ಘಟಕ ಕೂರಿಸಿ, ಅದರ ಯೂನಿಟ್‌ಗಳನ್ನು ಹತ್ತಾರು ಮನೆಗಳ ಬಿಲ್ಲಿಗೆ ಹಂಚುವುದು ಆ ಪದ್ಧತಿ. ದೆಹಲಿಯ ವಿದ್ಯುತ್ ಆಯೋಗ 2019ರಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಸೂರ್ಯಘರ್‌ನ ಮಾರ್ಗಸೂಚಿಯಲ್ಲೂ ಇಂಥ ಅಳವಡಿಕೆಗೆ ಸಬ್ಸಿಡಿಯ ಅವಕಾಶ ಇದೆ. ಶೀಟಿನ ಮನೆಗಳಿಗೂ ಇದೇ ಅಗ್ಗದ ದಾರಿ.

ಯೋಜನೆಯ ಅವಧಿ ಮುಗಿಯುವ ಮೊದಲು ಕೇಂದ್ರದ ಪಾಲಿನ 30 ಸಾವಿರವನ್ನು ಪಡೆದುಕೊಳ್ಳಬೇಕಾದರೆ ಇಂಧನ ಇಲಾಖೆ ತಡಮಾಡುವಂತಿಲ್ಲ. ಯಾವ ಮನೆ ತಿಂಗಳಿಗೆ ಎಷ್ಟು ಯೂನಿಟ್ ಬಳಸುತ್ತದೆ ಎಂಬ ಪಟ್ಟಿ ಗೃಹಜ್ಯೋತಿಯ ಲೆಕ್ಕದಲ್ಲೇ ಎಸ್ಕಾಂಗಳ ಬಳಿ ಸಿದ್ಧವಾಗಿದೆ. ಅದರಲ್ಲಿ 100 ಯೂನಿಟ್ ಒಳಗಿನ, ಆರ್‌ಸಿಸಿ ತಾರಸಿ ಇರುವ ಮನೆಗಳನ್ನು ಮೀಟರ್ ರೀಡರ್‌ಗಳು ಒಂದು ಸುತ್ತು ರೀಡಿಂಗ್‌ಗೆ ಹೋದಾಗಲೇ ಗುರುತು ಹಾಕಿಕೊಂಡು ಬರಬಹುದು. ಮೊದಲ ಟೆಂಡರ್ ಆ ಮನೆಗಳಿಗೇ ಕರೆಯಲಿ.

ಇತಿ,
ಮನೆ ಸೋಲಾರ್ ಅಳವಡಿಕೆ ಮತ್ತು ದುರಸ್ತಿಯ ಕೆಲಸದಲ್ಲಿರುವ ತಂತ್ರಜ್ಞರು